ಜೇನು ಎದ್ದಾಗ ಕಟ್ಟಿದ ಹಸು ಎಲ್ಲಿಗೆ ಓಡಬೇಕು?



ಪ್ರತಿ ಸಲ ಕೆಚ್ಚಲು ಬಾವು, ಗರ್ಭಕಟ್ಟದಿರುವುದು, ಖನಿಜ ಮಿಶ್ರಣ ಎಂದು ಬರೆಯುತ್ತಿದ್ದೆ. ಈ ಸಲ ಬೇರೆ ವಿಷಯ. ಹೊಂಗೆ, ಬೇವು ಹೂ ಬಿಡುವ ತಿಂಗಳು ಬಂತೆಂದರೆ ಹೆಜ್ಜೇನು ಊರ ಸುತ್ತ ಗೂಡು ಕಟ್ಟುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಕಡಜದ ಗೂಡು ದೊಡ್ಡದಾಗಿರುತ್ತದೆ. ಅಂದರೆ ವರ್ಷದಲ್ಲಿ ಬಹಳ ದಿನ ನಮ್ಮ ಕೊಟ್ಟಿಗೆಯ ಹತ್ತಿರ ಯಾವುದೋ ಒಂದು ಕುಟುಕುವ ಹುಳು ಇದ್ದೇ ಇರುತ್ತದೆ.

ಒಂದು ಮಾರ್ಚ್ ತಿಂಗಳು, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಂದು ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. "ಮೇಡಂ, ಜೇನು ಎದ್ದವೆ, ಹಸ ಬಿದ್ದೈತೆ, ಬೇಗ ಬನ್ನಿ." ನಾನು ಹೋಗಿ ಸೇರುವಷ್ಟರಲ್ಲಿ ನಲವತ್ತು ನಿಮಿಷ ಆಗಿತ್ತು. ಐದು ತಿಂಗಳ ಗಬ್ಬದ ಎಚ್‌ಎಫ್ ಮಿಶ್ರತಳಿ ಹಸು ತೆಂಗಿನ ಮರದ ಬುಡದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಕಣ್ಣಿನ ರೆಪ್ಪೆ ಮುಚ್ಚಿಹೋಗುವಷ್ಟು ಊತ, ನಾಲಿಗೆ ಹೊರಗೆ, ಮೂಗಿನ ಸುತ್ತ ಮುಳ್ಳುಗಳು ಎಳ್ಳು ಚೆಲ್ಲಿದಂತೆ. ಗೂಡಿಗೆ ಯಾರೂ ಕಲ್ಲು ಹೊಡೆದಿರಲಿಲ್ಲ. ಜೇನುಗಿಡುಗ ಎರಗಿತ್ತಂತೆ. ಆ ಹಕ್ಕಿ ಜೇನಿನ ಹುಟ್ಟಿಗೇ ಎರಗುತ್ತದೆ, ಸಿಟ್ಟಾದ ಹುಳುಗಳು ಕೆಳಗೆ ಸಿಕ್ಕವರ ಮೇಲೆ ಬೀಳುತ್ತವೆ. ಹಸುವಿನ ಯಜಮಾನಿ ಸೆರಗು ತಲೆಗೆ ಹೊದ್ದುಕೊಂಡು ಓಡಿಹೋಗಿ ಹಗ್ಗ ಬಿಚ್ಚಲು ನೋಡಿದ್ದರು. ಪ್ಲಾಸ್ಟಿಕ್ ಹಗ್ಗ, ಹಸು ಎಳೆದಾಡಿ ಗಂಟು ಕಲ್ಲಾಗಿತ್ತು. ಅವರನ್ನು ಆಸ್ಪತ್ರೆಗೆ ಸಾಗಿಸಿದರು. ಹಸು ಸಂಜೆಯ ಹೊತ್ತಿಗೆ ಹೋಯಿತು. ಎರಡು ದಿನದ ಮೇಲೆ ಅವರನ್ನು ನೋಡಲು ಹೋದಾಗ ಮುಖ ಇನ್ನೂ ಊದಿತ್ತು. ಅವರು ಹೇಳಿದ್ದು ಒಂದೇ ಮಾತು: "ಗಂಟು ಬಿಚ್ಚಕ್ಕೆ ಆಗಲಿಲ್ಲ ಮೇಡಂ."

ಆ ಮಾತಿನಿಂದಲೇ ಪಾಠ ಶುರು ಮಾಡುತ್ತೇನೆ.

ಮೊದಲು ಹಗ್ಗ

ಕಾಡಿನ ಪ್ರಾಣಿ ಜೇನು ಎದ್ದರೆ ಓಡುತ್ತದೆ. ನಾವೂ ಓಡುತ್ತೇವೆ. ಕಟ್ಟಿದ ಹಸು ಮಾತ್ರ ನಿಂತಲ್ಲೇ ಸುತ್ತುತ್ತದೆ, ಸುತ್ತಿದಷ್ಟೂ ಹಗ್ಗ ಬಿಗಿಯುತ್ತದೆ, ಬಾಲ ಬೀಸಿದಷ್ಟೂ ಹುಳು ಕೆರಳುತ್ತದೆ. ಜೇನಿನ ದಾಳಿಯಲ್ಲಿ ಸಾಯುವ ರಾಸುಗಳಲ್ಲಿ ನಾನು ಕಂಡವೆಲ್ಲ ಕಟ್ಟಿದ್ದವೇ. ಬಿಟ್ಟು ಮೇಯಿಸುವಾಗ ಕಚ್ಚಿಸಿಕೊಂಡ ಹಸುವಿಗೂ ನಾನು ಚಿಕಿತ್ಸೆ ಮಾಡಿದ್ದೇನೆ. ಅದು ಕೆರೆ ಏರಿ ದಾಟಿ ಓಡಿ, ಸಂಜೆ ಊದಿದ ಮುಖ ಹೊತ್ತು ತಾನೇ ಮನೆಗೆ ಬಂದಿತ್ತು.

ಹಾಗಾದರೆ ಹೇಗೆ ಕಟ್ಟಬೇಕು? ನಿಮಗೆ ಹೊಸ ಗಂಟು ಕಲಿಸಬೇಕಾಗಿಲ್ಲ. ಲಂಗದ ಲಾಡಿ ಹೇಗೆ ಕಟ್ಟುತ್ತೀರಿ? ತುದಿಯನ್ನು ಪೂರ್ತಿ ತೂರಿಸಿ ಎಳೆಯುವುದಿಲ್ಲ, ಮಡಿಸಿ ಆ ಮಡಿಕೆಯನ್ನು ಮಾತ್ರ ತೂರಿಸಿ ಬಿಗಿ ಮಾಡುತ್ತೀರಿ. ಬಿಚ್ಚಬೇಕಾದಾಗ ತುದಿ ಹಿಡಿದು ಒಂದೇ ಸಲ ಎಳೆದರೆ ಆಯಿತು. ಹಸುವಿನ ಹಗ್ಗಕ್ಕೂ ಅದೇ. ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಸುತ್ತಿ, ಹಸುವಿನ ಕಡೆಗೆ ಹೋಗುವ ಹಗ್ಗದ ಮೇಲೆ ಅಡ್ಡ ಹಾಯಿಸಿ, ಲಾಡಿಯ ಹಾಗೆ ಮಡಿಕೆ ತೂರಿಸಿ. ಹಸು ಎಷ್ಟೇ ಎಳೆದರೂ ಹಿಡಿದುಕೊಳ್ಳುತ್ತದೆ, ನೀವು ತುದಿ ಎಳೆದ ಕೂಡಲೇ ಬಿಟ್ಟುಕೊಡುತ್ತದೆ. ಕೆಲವು ಚಾಲಾಕಿ ಹಸುಗಳು ತುದಿಯನ್ನು ಬಾಯಲ್ಲಿ ಎಳೆದು ತಾವೇ ಬಿಚ್ಚಿಕೊಳ್ಳುತ್ತವೆ. ಅಂಥದ್ದಕ್ಕೆ ಗಂಟು ಕಂಬದ ಆಚೆ ಬದಿಗೆ, ಬಾಯಿಗೆ ನಿಲುಕದ ಕಡೆ ಬರಲಿ. ಇವತ್ತೇ ಹಾಕಿ, ಹಸು ಒಂದೆರಡು ಸಲ ಜಗ್ಗಿದ ಮೇಲೆ ಬಿಚ್ಚಿ ನೋಡಿ. ಮನೆಯ ಮಕ್ಕಳಿಗೂ, ಅತ್ತೆಯವರಿಗೂ ಬರಬೇಕು. ಜೇನು ಏಳುವ ಹೊತ್ತಿಗೆ ಮನೆಯಲ್ಲಿ ನೀವೇ ಇರುತ್ತೀರಿ ಎಂದು ಹೇಳಲಾಗದು.

ಸರಪಳಿ ಹಾಕುವವರು ಕೊಂಡಿ ತುಕ್ಕು ಹಿಡಿಯದಂತೆ ನೋಡಿಕೊಳ್ಳಿ. ಕೊಟ್ಟಿಗೆಯ ಬಾಗಿಲಲ್ಲಿ ಹರಿತವಾದ ಒಂದು ಕುಡುಗೋಲು ಯಾವಾಗಲೂ ಒಂದೇ ಮೊಳೆಗೆ ನೇತು ಹಾಕಿರಲಿ. ಹುಲ್ಲು ಕೊಯ್ಯಲು ಅದನ್ನು ತೆಗೆಯಬಾರದು. ಬೆಂಕಿ ಬಿದ್ದರೂ ಇದೇ ಹಗ್ಗ, ಇದೇ ಕುಡುಗೋಲು ಕೆಲಸಕ್ಕೆ ಬರುತ್ತದೆ.

ಹೊರಗೆ ಕಟ್ಟುವಾಗ ಒಂದು ಸಲ ತಲೆ ಎತ್ತಿ ನೋಡಿ. ಮರದ ದಪ್ಪ ಕೊಂಬೆಯ ತಳ, ನೀರಿನ ಟ್ಯಾಂಕಿನ ಅಡಿ, ಶಾಲೆ ಕಟ್ಟಡದ ಸಜ್ಜ, ಇವು ಹೆಜ್ಜೇನಿಗೆ ಇಷ್ಟದ ಜಾಗ. ಒಂದೇ ದೊಡ್ಡ ಹುಟ್ಟು ಮುಚ್ಚಿಲ್ಲದೆ ತೂಗುತ್ತಿರುತ್ತದೆ. ನಿನ್ನೆ ಇಲ್ಲದ ಗೂಡು ಇವತ್ತು ಇರಬಹುದು, ಏಕೆಂದರೆ ಹೆಜ್ಜೇನು ವಲಸೆ ಬರುವ ಹುಳು. ನೆರಳಿದೆ ಎಂದು ಆ ಮರದ ಕೆಳಗೆ ಕಟ್ಟಬೇಡಿ. ಮೇವು ಕತ್ತರಿಸುವ ಯಂತ್ರವನ್ನೂ ಅಂಥ ಜಾಗದಿಂದ ದೂರ ಇಡಿ, ಅದರ ಸದ್ದಿಗೂ ಅದುರುವಿಕೆಗೂ ಜೇನು ಏಳುವುದುಂಟು.

ಹುಳು ಕೊಟ್ಟಿಗೆಗೆ ಬರುವುದು ಯಾಕೆ?

ನಮ್ಮ ಪಶು ಆಹಾರದಲ್ಲಿ ಕಾಕಂಬಿ ಇರುತ್ತದೆ. ಆ ಸಿಹಿ ವಾಸನೆಗೆ ಜೇನೂ ಬರುತ್ತದೆ, ಕಡಜವೂ ಬರುತ್ತದೆ. ಚೀಲದ ಬಾಯಿ ಬಿಚ್ಚಿಟ್ಟಿದ್ದರೆ, ಗೋದಲಿಯಲ್ಲಿ ನೆನೆಸಿದ ಹಿಂಡಿ ಮಿಕ್ಕಿದ್ದರೆ ಕರೆದು ಊಟಕ್ಕೆ ಕೂರಿಸಿದ ಹಾಗೆ. ತಿಂದಾದ ಮೇಲೆ ಗೋದಲಿ ತೊಳೆಯಿರಿ, ಚೀಲಕ್ಕೆ ದಾರ ಕಟ್ಟಿ.

ಬೇಸಿಗೆಯಲ್ಲಿ ಜೇನು ನೀರಿಗೆ ಬರುತ್ತದೆ. ಗಂಜಲ ಹರಿಯುವ ಚರಂಡಿಯಲ್ಲೂ ಕೂರುತ್ತದೆ, ಅದಕ್ಕೆ ಅಲ್ಲಿನ ಉಪ್ಪಿನಂಶ ಬೇಕು. ನೀರಿನ ತೊಟ್ಟಿಯ ಅಂಚಿನಲ್ಲಿ ಕೂತ ಹುಳು ಹಸುವಿನ ಮೂತಿಗೆ ಹೊಡೆಯುತ್ತದೆ. ಇದಕ್ಕೊಂದು ಸುಲಭ ಉಪಾಯವಿದೆ. ಕೊಟ್ಟಿಗೆಯಿಂದ ದೂರದಲ್ಲಿ, ಬಿಸಿಲು ಬೀಳುವ ಕಡೆ ಒಂದು ಅಗಲವಾದ ತಟ್ಟೆಯಲ್ಲಿ ನೀರು ಇಟ್ಟು ಹುಲ್ಲಿನ ಕಡ್ಡಿ ತೇಲಿಬಿಡಿ. ಜೇನು ಕಡ್ಡಿಯ ಮೇಲೆ ಕೂತು ಕುಡಿಯುತ್ತದೆ. ಆದರೆ ಅದು ಜೇನು ಬರಲು ಶುರುವಾಗುವ ಮೊದಲೇ ಇರಬೇಕು. ಒಂದು ಜಾಗಕ್ಕೆ ರೂಢಿಯಾದ ಮೇಲೆ ಅದನ್ನು ಬಿಡಿಸುವುದು ಕಷ್ಟ.

ಇನ್ನೊಂದು, ನಸುಕಿನಲ್ಲಿ ಹಾಲು ಕರೆಯುವವರಿಗೆ. ಹೆಜ್ಜೇನು ಬೆಳದಿಂಗಳಲ್ಲೂ ಹಾರುತ್ತದೆ, ರಾತ್ರಿ ವಿದ್ಯುತ್ ದೀಪಕ್ಕೆ ಬಂದು ಬೀಳುತ್ತದೆ. ಐದು ಗಂಟೆಗೆ ಬಲ್ಬ್ ಹಾಕಿ ಬರಿಗಾಲಲ್ಲಿ ಕೊಟ್ಟಿಗೆಗೆ ಹೋದರೆ ನೆಲದ ಮೇಲೆ ಅರೆಜೀವವಾಗಿ ತೆವಳುವ ಹುಳು ಕಾಲಿಗೆ ಚುಚ್ಚುತ್ತದೆ, ಇಲ್ಲವೇ ಕೆಚ್ಚಲಿಗೆ ಒತ್ತಿದ ನಿಮ್ಮ ಕೈಗೆ. ಹಸು ಒದೆಯುತ್ತದೆ, ಹಾಲಿನ ಬಕೆಟ್ ಚೆಲ್ಲುತ್ತದೆ. ಬಿಳಿ ಬಲ್ಬಿನ ಬದಲು ಹಳದಿ ಬೆಳಕಿನ ಬಲ್ಬ್ ಹಾಕಿ. ಚಪ್ಪಲಿ ಹಾಕಿಕೊಂಡು, ನೆಲ ಗುಡಿಸಿ ಆಮೇಲೆ ಕೂರಿ.

ಯಾವ ಗೂಡನ್ನು ಏನು ಮಾಡಬೇಕು?

ಗೋಡೆಗೆ ಅಂಟಿದ ಮಣ್ಣಿನ ಪುಟ್ಟ ಗೂಡು ಕಂಡರೆ ಸುಮ್ಮನೆ ಬಿಡಿ. ಮಣ್ಣು ಮೆತ್ತುವ ಆ ಒಂಟಿ ಕಣಜ ಗೂಡು ಕಾಯುವುದೂ ಇಲ್ಲ, ಗುಂಪು ಕಟ್ಟಿಕೊಂಡು ಬರುವುದೂ ಇಲ್ಲ. ಪೊದೆಯಲ್ಲಿ ಅಂಗೈ ಅಗಲದ ಹುಟ್ಟು ಕಟ್ಟುವ ಕೋಲುಜೇನು, ಮರದ ಪೊಟರೆಯ ತುಡುವೆ, ಇವೆರಡೂ ಮೈಮೇಲೆ ಹೋದರೆ ಮಾತ್ರ ಚುಚ್ಚುತ್ತವೆ. ತೆಂಗು, ಸೂರ್ಯಕಾಂತಿ, ಸೋರೆ, ಕುಂಬಳ ಕಾಯಿ ಕಚ್ಚಲು ಇವು ಬೇಕು.

ಸೂರಿನ ಅಡಿಯಲ್ಲಿ, ಕಿಟಕಿಯ ಮೂಲೆಯಲ್ಲಿ ಕಾಗದದಂಥ ಗೂಡು ಕಟ್ಟುವ ಕಡಜದ ಲೆಕ್ಕ ಬೇರೆ. ನಿಮ್ಮ ಊರಲ್ಲಿ ಕಡಜ ಅನ್ನಿ, ಕಣಜ ಅನ್ನಿ. ಅದರಲ್ಲೂ ದೊಡ್ಡದು, ಕಪ್ಪು ಮೈ, ಹೊಟ್ಟೆಗೆ ಹಳದಿ ಪಟ್ಟಿ ಕಟ್ಟಿದಂತಿರುವುದು ಬಹಳ ಕೆಟ್ಟದ್ದು. ಜೇನು ಒಂದು ಸಲ ಚುಚ್ಚಿದರೆ ಅದರ ಮುಳ್ಳು ಅಲ್ಲೇ ಉಳಿದು ಹುಳು ಸಾಯುತ್ತದೆ. ಕಡಜದ ಮುಳ್ಳು ಉಳಿಯುವುದಿಲ್ಲ, ಒಂದೇ ಹುಳು ನಾಲ್ಕಾರು ಸಲ ಚುಚ್ಚುತ್ತದೆ. ಈ ಗೂಡು ಶುರುವಿನಲ್ಲಿ ರೂಪಾಯಿ ನಾಣ್ಯದಷ್ಟಿದ್ದು ಒಂದೆರಡು ಹುಳು ಮಾತ್ರ ಇರುತ್ತವೆ. ತೆಗೆಯುವುದಾದರೆ ಆಗಲೇ ತೆಗೆಯಬೇಕು. ಕತ್ತಲಾದ ಮೇಲೆ, ಮೈ ಮುಚ್ಚುವ ಬಟ್ಟೆ ಹಾಕಿಕೊಂಡು, ಬಟ್ಟೆ ಸೋಪಿನ ಪುಡಿ ಕಲಸಿದ ನೀರನ್ನು ಔಷಧ ಹೊಡೆಯುವ ಪಂಪಿನಿಂದ ದೂರದಿಂದ ಚಿಮ್ಮಿಸಿ. ಬೆಳೆಗೆ ವಿಷ ಹೊಡೆದ ಪಂಪು ಬೇಡ, ಶುದ್ಧವಾಗಿ ತೊಳೆದದ್ದು ಇರಲಿ. ಸೋಪಿನ ನೀರು ಹುಳುವಿನ ಉಸಿರಾಟದ ರಂಧ್ರಗಳಿಗೆ ಇಳಿದು ಅದು ಸಾಯುತ್ತದೆ. ರಾಸುಗಳನ್ನು ಮೊದಲೇ ಹೊರಗೆ ಕಟ್ಟಿರಿ. ಬೆಳಿಗ್ಗೆ ಉದ್ದ ಕೋಲಿನಿಂದ ಗೂಡು ಕೆಡವಿ. ಇದು ಸಣ್ಣ ಗೂಡಿಗೆ ಮಾತ್ರ. ಗೂಡು ಅಂಗೈ ಮೀರಿದ್ದರೆ, ಕುಂಬಳಕಾಯಿಯಂತೆ ಉಬ್ಬಿದ್ದರೆ, ಅಥವಾ ಅದು ಹೆಜ್ಜೇನಾದರೆ ನೀವಾಗಿ ಕೈ ಹಾಕಬೇಡಿ. ಜೇನು ಬಿಡಿಸುವ ಅನುಭವಸ್ಥರನ್ನು ಕರೆಸಿ, ಪಂಚಾಯಿತಿಗೆ ತಿಳಿಸಿ.

ಎರಡು ಕೆಲಸ ಮಾತ್ರ ಖಂಡಿತ ಮಾಡಬೇಡಿ. ಒಂದು, ಸೀಮೆಎಣ್ಣೆ, ಪೆಟ್ರೋಲ್, ಪಂಜು. ಹುಲ್ಲಿನ ಮೆದೆ ಪಕ್ಕದಲ್ಲೇ ಇರುವಾಗ ಕಡಜಕ್ಕೆ ಬೆಂಕಿ ಇಡಲು ಹೋಗಿ ಕೊಟ್ಟಿಗೆ ಸುಟ್ಟುಕೊಳ್ಳುವುದು ಬೇಡ. ಎರಡು, ಬೆಳೆಗೆ ಹೊಡೆಯುವ ಕೀಟನಾಶಕವನ್ನು ಕೊಟ್ಟಿಗೆಯೊಳಗೆ ಹೊಡೆಯುವುದು. ಹಸು ಗೋಡೆ ನೆಕ್ಕುತ್ತದೆ, ಗೋದಲಿ ನೆಕ್ಕುತ್ತದೆ. ಹಸುವಿಗೂ ಅಪಾಯ, ಅದರ ಅಂಶ ಹಾಲಿಗೂ ಇಳಿಯಬಹುದು.

ಎದ್ದೇ ಬಿಟ್ಟರೆ

ನೀವು ಮೊದಲು. ಇದನ್ನು ಪಶುವೈದ್ಯೆಯಾಗಿಯೇ ಹೇಳುತ್ತಿದ್ದೇನೆ. ಹಸು ಮುಖ್ಯ ಎಂದು ನನಗೂ ಗೊತ್ತು, ಅದರ ಸಾಲದ ಕಂತು ಇನ್ನೂ ಬಾಕಿ ಇರಬಹುದು ಎಂದೂ ಗೊತ್ತು. ಆದರೂ ನೀವು ಮೊದಲು.

ಸೆರಗಿನಿಂದ ಮುಖ, ಕಿವಿ ಮುಚ್ಚಿಕೊಂಡು ನೇರವಾಗಿ ಮನೆಯೊಳಗೆ ಓಡಿ ಬಾಗಿಲು ಹಾಕಿಕೊಳ್ಳಿ. ಕೈ ಬೀಸಬೇಡಿ, ಹುಳುವನ್ನು ಹೊಡೆದು ಜಜ್ಜಬೇಡಿ. ಚುಚ್ಚಿದ ಜಾಗದಿಂದ ಬಾಳೆಹಣ್ಣಿನಂಥ ಒಂದು ವಾಸನೆ ಹೊರಡುತ್ತದೆ, ಅದು ಉಳಿದ ಹುಳುಗಳಿಗೆ "ಇಲ್ಲೇ ಹೊಡೆಯಿರಿ" ಎಂಬ ಕರೆ. ಬಾವಿಗೋ ಕೆರೆಗೋ ಹಾರಬೇಡಿ, ತಲೆ ಎತ್ತಿದಾಗಲೆಲ್ಲ ಮೇಲೆ ಹುಳು ಕಾಯುತ್ತಿರುತ್ತದೆ. ಹೆಜ್ಜೇನು ನೂರಿನ್ನೂರು ಮೀಟರ್ ಅಟ್ಟಿಸಿಕೊಂಡು ಬರಬಲ್ಲದು, ಹಾಗಾಗಿ ಜನ ಇರುವ ಕಡೆಗೆ ಓಡಿ ಅವರಿಗೂ ಹಚ್ಚಬೇಡಿ.

ಹುಳು ಇನ್ನೂ ದಟ್ಟವಾಗಿಲ್ಲ, ಹಸು ಹತ್ತಿರದಲ್ಲೇ ಇದೆ ಎಂದರೆ ಮಾತ್ರ ಕಂಬಳಿಯನ್ನೋ ಒದ್ದೆ ಗೋಣಿಯನ್ನೋ ತಲೆಯಿಂದ ಹೊದ್ದು, ಕುಡುಗೋಲು ಹಿಡಿದು ಹೋಗಿ ಹಗ್ಗ ಬಿಡಿಸಿ ಹಿಂದಿರುಗಿ. ಹಸುವನ್ನು ಹಿಡಿದು ನಡೆಸಲು ಹೋಗಬೇಡಿ, ಅದು ತಾನೇ ಓಡುತ್ತದೆ. ಒಂದನ್ನೇ ಬಿಡಿಸಲು ಸಾಧ್ಯವಾದರೆ ಕರುವನ್ನು ಬಿಡಿಸಿ. ಇದಕ್ಕೊಂದು ಲೆಕ್ಕವಿದೆ. ಜೇನಿನ ವಿಷ ಮೈತೂಕದ ಪ್ರತಿ ಕಿಲೋಗೆ ಸುಮಾರು 20 ಮುಳ್ಳಿನಂತೆ ಬಿದ್ದರೆ ಪ್ರಾಣಕ್ಕೆ ಕುತ್ತು ಎಂಬುದು ಒಂದು ಅಂದಾಜು. 400 ಕಿಲೋ ಹಸುವಿಗೆ ಅದು ಸಾವಿರಗಟ್ಟಲೆ, 30 ಕಿಲೋ ಕರುವಿಗೆ 600 ಸಾಕು. ಆದರೆ ಗಂಟಲು ಊದಿ ಉಸಿರು ಕಟ್ಟಿದರೆ, ಅಲರ್ಜಿ ಆದರೆ ಈ ಲೆಕ್ಕ ಯಾವುದೂ ನಿಲ್ಲುವುದಿಲ್ಲ.

ಹಸಿ ಸೊಪ್ಪು ಸುಟ್ಟ ಹೊಗೆ ಹಸುವಿನ ಸುತ್ತ ಇದ್ದರೆ ಹುಳು ದೂರ ಸರಿಯುತ್ತದೆ. ಮೆದೆಯಿಂದ ದೂರವಿದ್ದರೆ ಹಾಗೆ ಮಾಡಬಹುದು. ಗೂಡಿನ ಕೆಳಗೇ ಹೊಗೆ ಹಾಕಿದರೆ ಮಾತ್ರ ಇನ್ನಷ್ಟು ಏಳುತ್ತವೆ.

ಹುಳು ಹೋದ ಮೇಲೆ

ನಿಮ್ಮ ಮೈ ಮೊದಲು ನೋಡಿಕೊಳ್ಳಿ. ಜೇನಿನ ಮುಳ್ಳಿಗೆ ವಿಷದ ಚೀಲ ಅಂಟಿರುತ್ತದೆ, ಹುಳು ಸತ್ತ ಮೇಲೂ ಅದು ವಿಷ ಒತ್ತುತ್ತಲೇ ಇರುತ್ತದೆ. ಉಗುರಿನಿಂದ ಕೆರೆಯಿರಿ, ಚಿವುಟಿ ಕೀಳಿರಿ, ಹೇಗಾದರೂ ಸರಿ, ಬೇಗ ತೆಗೆಯುವುದು ಮುಖ್ಯ. ಸೋಪು ಹಾಕಿ ತೊಳೆದು ತಣ್ಣೀರು ಬಟ್ಟೆ ಇಡಿ. ಬಳೆ, ಉಂಗುರ, ಕಾಲುಂಗುರ ಆಗಲೇ ಕಳಚಿ, ಊದಿದ ಮೇಲೆ ಕತ್ತರಿಸಬೇಕಾಗುತ್ತದೆ.

ತುಟಿ ಅಥವಾ ನಾಲಿಗೆ ಊದಿದರೆ, ಮೈ ತುಂಬ ದದ್ದು ಎದ್ದರೆ, ಉಸಿರು ಕಟ್ಟಿದರೆ, ವಾಂತಿ ಅಥವಾ ತಲೆಸುತ್ತು ಬಂದರೆ ಒಂದೇ ಹುಳು ಚುಚ್ಚಿದ್ದರೂ 108ಕ್ಕೆ ಕರೆ ಮಾಡಿ. ಇದು ಬಹಳ ಸಲ ಅರ್ಧ ಗಂಟೆಯೊಳಗೇ ಆಗುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಜೀವ ಉಳಿಸುತ್ತದೆ. ತಲೆಸುತ್ತು ಬಂದವರನ್ನು ನಡೆಸಬೇಡಿ, ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ಕಷ್ಟವಾಗಿದ್ದರೆ ಒರಗಿಸಿ ಕೂರಿಸಿ. ಹತ್ತಾರು ಮುಳ್ಳು ಬಿದ್ದವರು ಚೆನ್ನಾಗಿದ್ದೇನೆ ಎನಿಸಿದರೂ ಆಸ್ಪತ್ರೆಗೆ ತೋರಿಸಿ. ಹಾಲು ಕರೆಯುವ ಹೊತ್ತಾಯಿತು ಎಂದು ಕೂತುಬಿಡುವವರು ನೀವು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಇನ್ನು ಹಸು. 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ವಾಹನ ಬರುತ್ತದೆ, ನಿಮ್ಮ ಸಂಘದ ಮೂಲಕ ನಮಗೂ ತಿಳಿಸಿ. ನಾವು ಬರುವವರೆಗೆ ಹಸುವನ್ನು ನೆರಳಿಗೆ ತನ್ನಿ, ಮೈಮೇಲೆ ತಣ್ಣೀರು ಹೊಯ್ಯಿರಿ. ಮೂಗಿನ ಹೊಳ್ಳೆ, ಕಣ್ಣಿನ ಸುತ್ತ, ಕಿವಿಯ ಒಳಗೆ, ಬಾಲದ ಅಡಿ, ಕೆಚ್ಚಲು, ಈ ತೆಳು ಚರ್ಮದ ಜಾಗಗಳ ಮುಳ್ಳು ಮೊದಲು ತೆಗೆಯಿರಿ. ಚಾಕುವಿನ ಬೆನ್ನಿನಿಂದ ಸವರಿದರೆ ಬರುತ್ತವೆ. ಬಿದ್ದ ಹಸುವನ್ನು ಮಗ್ಗುಲಾಗಿ ಬಿಡಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಎದೆಯ ಮೇಲೆ ಕೂರುವಂತೆ ಮಾಡಿ ಎರಡು ಬದಿಗೂ ಹುಲ್ಲು ತುಂಬಿದ ಚೀಲ ಒತ್ತಿಡಿ.

ಗೊಟ್ಟ ಹಾಕಬೇಡಿ! ಗಂಟಲು ಊದಿದ ಹಸುವಿಗೆ ಎಣ್ಣೆ, ಮಜ್ಜಿಗೆ, ಕಷಾಯ ಏನು ಕುಡಿಸಿದರೂ ಶ್ವಾಸಕೋಶಕ್ಕೆ ಇಳಿಯುತ್ತದೆ. ಜೇನಿನಿಂದ ಉಳಿದ ಹಸು ಗೊಟ್ಟದಿಂದ ಸಾಯಬಾರದು. ಕಚ್ಚಿದ ಜಾಗಕ್ಕೆ ಸುಣ್ಣ ಹಚ್ಚುವುದು ನಮ್ಮಲ್ಲಿ ರೂಢಿ, ಕಬ್ಬಿಣ ಉಜ್ಜುವುದೂ ಇದೆ. ಕಬ್ಬಿಣದಿಂದ ಲಾಭವೂ ಇಲ್ಲ, ನಷ್ಟವೂ ಅಷ್ಟಿಲ್ಲ. ಸುಣ್ಣ ಕೆಚ್ಚಲಿನ ಚರ್ಮ ಸುಡುತ್ತದೆ. ವಿಷ ಒಳಗೆ ಹೋಗಿ ಆಗಿರುತ್ತದೆ, ಮೇಲೆ ಹಚ್ಚಿದ್ದು ಅಲ್ಲಿಗೆ ಮುಟ್ಟುವುದಿಲ್ಲ.

ಹಸು ಗಬ್ಬವಾಗಿದ್ದರೆ ಚುಚ್ಚುಮದ್ದು ಕೊಡುವ ಮೊದಲೇ ಎಷ್ಟು ತಿಂಗಳು ಎಂದು ಹೇಳಿ. ಊತ ಇಳಿಸಲು ಬಳಸುವ ಸ್ಟೀರಾಯ್ಡ್ ಔಷಧಗಳಲ್ಲಿ ಕೆಲವು ತುಂಬು ಗಬ್ಬದ ಹಸು ಕಂದು ಹಾಕುವಂತೆ ಮಾಡಬಲ್ಲವು. ಕೊಟ್ಟ ಔಷಧಕ್ಕೆ ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು ಎಂದೂ ಆಗಲೇ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಎರಡು ಮೂರು ದಿನ ಮೂತ್ರದ ಬಣ್ಣ ನೋಡುತ್ತಿರಿ. ಕೆಂಪಗೆ ಅಥವಾ ಕಾಫಿ ಡಿಕಾಕ್ಷನ್ನಿನಂತೆ ಬಂದರೆ ರಕ್ತ ಒಡೆದಿದೆ, ಮೂತ್ರಪಿಂಡಕ್ಕೆ ಹೊರೆಯಾಗಿದೆ ಎಂದರ್ಥ. ಕೂಡಲೇ ತಿಳಿಸಿ.

ಕಡಜ ಹೊಡೆಯಿತು ಎಂದು ಕರೆಸಿದ ಹಸುಗಳಲ್ಲಿ ಕೆಲವಕ್ಕೆ ಬೇರೇನೋ ಆಗಿರುತ್ತದೆ. ಹುಳುವಿನ ದದ್ದು ನಿಮಿಷಗಳಲ್ಲಿ ಎದ್ದು ಮೆತ್ತಗಿರುತ್ತದೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಚರ್ಮಗಂಟು ರೋಗದ ಗಂಟು ಗಟ್ಟಿ, ಜೊತೆಗೆ ಜ್ವರ, ಬೇಗ ಹೋಗುವುದಿಲ್ಲ. ಮುಖ ಒಂದೇ ಕಡೆ ಊದಿ ಊತ ಗಂಟೆ ಗಂಟೆಗೂ ಹರಡುತ್ತಿದ್ದರೆ, ರಕ್ತ ಸೋರಿ ನಿಲ್ಲದಿದ್ದರೆ ಅದು ಹಾವು. ಕಾಯಬೇಡಿ. ಹಾಲು ಬತ್ತಿಸುವಾಗ, ಅಥವಾ ಒಂದು ಹೊತ್ತು ಕರೆಯುವುದು ತಪ್ಪಿದಾಗ ಕೆಲವು ಹಸುಗಳಿಗೆ, ಅದರಲ್ಲೂ ಜರ್ಸಿಗೆ, ತನ್ನ ಹಾಲಿನಿಂದಲೇ ಅಲರ್ಜಿಯಾಗಿ ಮೈಯೆಲ್ಲ ದದ್ದು ಏಳುತ್ತದೆ. ಪಾಪ, ಆಗ ಸುಮ್ಮನೆ ಸೂರಿನಲ್ಲಿದ್ದ ಕಡಜ ಬೈಸಿಕೊಳ್ಳುತ್ತದೆ.

ವಿಮೆ ಮಾಡಿಸಿದ ರಾಸು ಸತ್ತರೆ ಕಿವಿಯೋಲೆ ತೆಗೆಯಬೇಡಿ, ಹೂಳಬೇಡಿ. ಸಂಘಕ್ಕೂ ಪಶು ಆಸ್ಪತ್ರೆಗೂ ಅಂದೇ ತಿಳಿಸಿ, ಮರಣೋತ್ತರ ಪರೀಕ್ಷೆ ಆಗಬೇಕು. ಮೇಲೆ ಹೇಳಿದ ಅಕ್ಕ ಮುಖ ಊದಿಕೊಂಡು ಆಸ್ಪತ್ರೆಯಲ್ಲಿದ್ದಾಗಲೂ ಮಗನಿಗೆ ಫೋನಿನಲ್ಲಿ ಹೇಳಿದ್ದು ಅದನ್ನೇ, ಓಲೆ ಮುಟ್ಟಬೇಡ ಎಂದು. ಈಗ ಅವರ ಕೊಟ್ಟಿಗೆಯಲ್ಲಿ ಇನ್ನೊಂದು ಹಸು ಇದೆ. ಹೋದ ತಿಂಗಳು ಕೃತಕ ಗರ್ಭಧಾರಣೆಗೆ ಹೋಗಿದ್ದೆ. ಲಾಡಿ ಗಂಟು ಎಳೆದು ತೋರಿಸಿದರು. ಹಸುವೂ ಅದನ್ನು ಕಲಿತುಬಿಟ್ಟಿದೆಯಂತೆ, ವಾರಕ್ಕೊಮ್ಮೆ ಪಕ್ಕದ ಮನೆಯ ಜೋಳಕ್ಕೆ ಹೋಗಿ ಬರುತ್ತದೆ.